ಮಾಸ್ತರರ ಕಾಲು, ನನ್ನ ಕೈ

ಅಂಗಿಯ ಮೂರನೆಯ ಗುಂಡಿಗೆ ಬರುವ ಹೊತ್ತಿಗೆ ನನ್ನ ಬೆರಳುಗಳು ಕೈಕೊಡುತ್ತವೆ. ಮೊದಲಿನ ಎರಡನ್ನು ಹೇಗೋ ತೂರಿಸುತ್ತೇನೆ. ಮೂರನೆಯದಕ್ಕೆ ಹೆಬ್ಬೆರಳು ಮಣಿಯುವುದಿಲ್ಲ. ಆಗ ಹೆಂಡತಿ ಬಂದು, ಏನೂ ಮಾತಾಡದೆ, ಉಳಿದವನ್ನು ಹಾಕಿ ಹೋಗುತ್ತಾಳೆ. ಅವಳು ಮಾತಾಡುವುದಿಲ್ಲ ಎಂದು ನನಗೆ ಸಿಟ್ಟು ಬರುತ್ತದೆ. ಮಾತಾಡಿದ್ದರೂ ಬರುತ್ತಿತ್ತು.

ಒಂಬತ್ತು ವರ್ಷದಿಂದ ಹೀಗೆ. ಡಾಕ್ಟರು ಇದನ್ನು ಸಂಧಿವಾತ ಎನ್ನುತ್ತಾರೆ. ವಯಸ್ಸಾದವರ ಮೊಣಕಾಲು ಸವೆಯುತ್ತದಲ್ಲ, ಅದಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಮೈಯ ಕೀಲುಗಳನ್ನು ತಿನ್ನುವ ರೋಗ. ಬೆಳಿಗ್ಗೆ ಎದ್ದ ಮೇಲೆ ಎರಡು ತಾಸು ಬೆರಳು, ಮಣಿಕಟ್ಟು, ಮೊಣಕಾಲು ಯಾವುದೂ ನನ್ನ ಮಾತು ಕೇಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾನು ಎಲ್ಲರಂತೆ ಕಾಣುತ್ತೇನೆ. ತೊಂದರೆ ಇರುವುದೇ ಅಲ್ಲಿ. ಜನ ನನ್ನನ್ನು ನೋಡುವುದು ಮಧ್ಯಾಹ್ನ.

ಬಬಲೇಶ್ವರದ ನಮ್ಮ ಹೈಸ್ಕೂಲಿನ ಬ್ಯಾಚಿನವರು ಮೂವತ್ತೈದು ವರ್ಷಗಳ ನಂತರ ಒಂದೆಡೆ ಸೇರಿ ಗುರುವಂದನೆ ಮಾಡುತ್ತಾರೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ಹೋಗಬೇಕೆಂದು ಅನಿಸಿತು. ಮರುಗಳಿಗೆಯೇ ಬೇಡವೆಂದೂ ಅನಿಸಿತು. ಆ ಊರಿನಲ್ಲಿ ನನ್ನನ್ನು ಬಲ್ಲವರು ನಾನು ಓಡುವುದನ್ನು ಕಂಡವರು. ಬಸ್ಸು ತಪ್ಪಿದ ದಿನ ಚೀಲ ಹೆಗಲಿಗೇರಿಸಿ ನಮ್ಮೂರು ಮಮದಾಪುರದ ದಾರಿ ಹಿಡಿದು ನಡೆದೇಬಿಡುತ್ತಿದ್ದ ಹುಡುಗ ನಾನು. ಅವನನ್ನು ನೆನೆಯುವವರು ಇನ್ನೂ ಇದ್ದಾರಲ್ಲ ಎಂದು ಹೋಗುವ ಆಸೆ. ಅವರ ಮುಂದೆ ಕುರ್ಚಿಯಿಂದ ಏಳಲು ಎರಡು ಸಲ ಪ್ರಯತ್ನಿಸಬೇಕಾಗುತ್ತದಲ್ಲ ಎಂದು ಹೋಗದಿರುವ ಆಸೆ.

ಇನ್ನೊಂದು ಕಾರಣವೂ ಇತ್ತು. ಆ ಬ್ಯಾಚಿನಲ್ಲಿ ನನ್ನ ಬಗ್ಗೆ ಒಂದು ಕಥೆ ಇದೆ. ಕಟ್ಟಿದವನು ನಾನೇ. ನಮ್ಮ ಗಣಿತದ ಮಾಸ್ತರರು ಹುಣಸೆ ಬರಲಿನಿಂದ ಅಂಗೈಗೆ ಹೊಡೆಯುತ್ತಿದ್ದರು. ಒಮ್ಮೆ ಒಂದು ಪ್ರಮೇಯಕ್ಕೆ "ಯಾಕ್ರಿ ಸರ್?" ಎಂದು ಕೇಳಿದ್ದಕ್ಕೆ ನನಗೂ ಹೊಡೆದಿದ್ದರು. ಎಸ್ಸೆಸ್ಸೆಲ್ಸಿಯ ಬೀಳ್ಕೊಡುಗೆಯ ದಿನ ಇಡೀ ತರಗತಿ ಸಾಲಾಗಿ ಅವರ ಕಾಲಿಗೆ ಬಿದ್ದಿತು, ನಾನು ಮಾತ್ರ ಬೀಳಲಿಲ್ಲ. ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದು ಹೊರಟುಹೋದೆ. ಈ ಕಥೆಯನ್ನು ಧಾರವಾಡದ ಹಾಸ್ಟೆಲಿನಲ್ಲಿ ಹೇಳಿದ್ದೇನೆ, ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದೇನೆ, ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ವಿಜಯಪುರದ ಒಂದು ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಯಾರು ಏನೇ ಹೇಳಲಿ, ಆಧಾರ ಎಲ್ಲಿದೆ ಎಂದು ಕೇಳುವುದನ್ನು ಕಲಿಸಿಯೇ ಸಂಬಳ ತೆಗೆದುಕೊಳ್ಳುತ್ತೇನೆ. ಈ ಒಂದು ಕಥೆಗೆ ಮಾತ್ರ ನಾನು ಆಧಾರ ಕೇಳಿರಲಿಲ್ಲ.

ಪೂರ್ವಭಾವಿ ಸಭೆ ತಿಕೋಟಾದಲ್ಲಿ ನಡೆಯಿತು. ನನ್ನ ಹಳೆಯ ಗೆಳೆಯ, ಸೋದರಮಾವನ ಮನೆಯಲ್ಲಿದ್ದು ನಮ್ಮ ಶಾಲೆಯಲ್ಲಿ ಓದಿದವನು, ಅಲ್ಲಿ ದ್ರಾಕ್ಷಿ ಬೆಳೆದು ಒಣಗಿಸಿ ಮಾರುತ್ತಾನೆ. ಅವನ ಶೆಡ್ಡಿನಲ್ಲಿ ಒಣದ್ರಾಕ್ಷಿಯ ಹುಳಿಸಿಹಿ ವಾಸನೆಯ ನಡುವೆ ಏಳೆಂಟು ಜನ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಅವನು ಕಾರ್ಯಕ್ರಮ ಓದಿ ಹೇಳಿದ.

"ಪಾದಪೂಜಿ ಎಲ್ಲಾರೂ ಮಾಡೋದು, ಯಾರೂ ತಪ್ಪಿಸಂಗಿಲ್ಲ. ಒಬ್ಬೊಬ್ಬರ ಬರೋದು, ಮಣಿ ಮ್ಯಾಲೆ ಮೊಣಕಾಲೂರಿ ಕೂಡೋದು, ಸರ್ ಕಾಲಿಗೆ ಒಂದು ತಂಬಿಗಿ ನೀರು ಹಾಕೋದು, ಅರಿಷಿಣ ಕುಂಕಮ ಹಚ್ಚಿ, ಹೂವ ಏರಿಸಿ ಏಳೋದು. ವಿಡಿಯೋದಾಂವ ಒಬ್ಬೊಬ್ಬರಿಗೆ ಅರ್ಧ ನಿಮಿಷ ಅಂದಾನ."

"ನನಗ ಬಗ್ಗಾಕ ಆಗಂಗಿಲ್ಲೋ" ಎಂದೆ. "ಸಂಧಿವಾತ ಐತಿ ನನಗ. ಮೊಣಕಾಲು ಮಡಚಂಗಿಲ್ಲ. ಒಂಬತ್ತು ವರ್ಷಾತು ಗುಳಿಗಿ ನುಂಗಾಕತ್ತಿ."

ಹೀಗೆಯೇ ಹೇಳಿದೆ ಎಂದು ನನ್ನ ನೆನಪು.

ಎಲ್ಲರೂ ನಕ್ಕರು. "ಮೂವತ್ತೈದು ವರ್ಷದ ಹಿಂದ ಬಗ್ಗಲಿಲ್ಲ, ಈಗೇನ್ ಬಗ್ತಿ?" ಎಂದ ಗೆಳೆಯ. "ಧಾರವಾಡದಾಗ ಓದಿ ಬಂದ ಮ್ಯಾಲಂತೂ ನಿನ್ನ ಬೆನ್ನಾಗ ಕಬ್ಬಿಣದ ಸಲಾಕಿ ಇಟ್ಕೊಂಡ ಅಡ್ಡ್ಯಾಡಾಕತ್ತಿ."

"ಮೊಣಕಾಲ ಬ್ಯಾನಿ ಯಾರಿಗಿಲ್ಲಪಾ?" ಎಂದ ಇನ್ನೊಬ್ಬ. "ಐವತ್ತ ದಾಟಿದ ಮ್ಯಾಲೆ ಎಲ್ಲಾರವೂ ಕಟಕಟ ಅಂತಾವ."

ನಾನು ಅಲ್ಲಿಂದ ಎದ್ದು ಬಂದೆ. ವಿಜಯಪುರಕ್ಕೆ ಬರುವ ಬಸ್ಸಿನಲ್ಲಿ ಸೀಟಿರಲಿಲ್ಲ. ಮೇಲಿನ ಸರಳನ್ನು ಬೆರಳಿನಿಂದ ಹಿಡಿಯಲಾಗದೆ ಮೊಣಕೈಯನ್ನು ಅದಕ್ಕೆ ಸಿಕ್ಕಿಸಿ ಜೋತುಬಿದ್ದು ನಿಂತೆ. ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ಬೇರೆಯವರಿಗೆ ರೋಗ ಬಂದರೆ ಅದು ರೋಗ. ನನಗೆ ಬಂದದ್ದು ಸೊಕ್ಕು. ಚಿಕ್ಕಂದಿನಲ್ಲಿ ಬೇಕೆಂದೇ ಬಗ್ಗದವನು ಮುದಿತನಕ್ಕೆ ಬಗ್ಗಲಾಗದವನಾದರೆ ನಂಬುವವರಾರು? ಅದಕ್ಕೆ ಸಾಕ್ಷಿ ಒದಗಿಸಿಕೊಟ್ಟವನು ಮತ್ತೆ ನಾನೇ, ಮೂವತ್ತೈದು ವರ್ಷ ಬಿಡದೆ ಹೇಳಿಕೊಂಡು ಬಂದು.

ಮುಂದಿನ ವಾರ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಹಳೆಯ ಫೋಟೋ ಹಾಕಿದರು. ಬೀಳ್ಕೊಡುಗೆಯ ದಿನದ್ದು. ಕುರ್ಚಿಯಲ್ಲಿ ಗಣಿತದ ಮಾಸ್ತರರು, ಅವರ ಕಾಲ ಮೇಲೆ ತಲೆಯಿಟ್ಟ ಒಬ್ಬ ಹುಡುಗ. ಮುಖ ಕಾಣುವುದಿಲ್ಲ. ದೊಗಳೆ ಅಂಗಿ, ಭುಜದ ಹೊಲಿಗೆ ತೋಳಿನ ಅರ್ಧಕ್ಕೆ ಇಳಿದಿದೆ. ಆ ವರ್ಷ ನಾನು ಅಣ್ಣನ ಅಂಗಿ ಹಾಕುತ್ತಿದ್ದೆ. ಆದರೆ ತರಗತಿಯ ಅರ್ಧದಷ್ಟು ಹುಡುಗರು ಅಣ್ಣಂದಿರ ಅಂಗಿಯಲ್ಲೇ ಇದ್ದರು. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ನೋಡಿದೆ. ಹಾಗೆ ಹಿಗ್ಗಿಸುವುದೂ ನನಗೆ ನೋವಿನ ಕೆಲಸ. ಮುಖವಿಲ್ಲ, ಹೆಸರಿಲ್ಲ, ಅಡಿಯಲ್ಲಿ ಬರಹವಿಲ್ಲ. ವಿದ್ಯಾರ್ಥಿಯೊಬ್ಬ ಇಂಥದ್ದನ್ನು ಆಧಾರವೆಂದು ತಂದರೆ ಹಿಂದಕ್ಕೆ ಕಳಿಸುತ್ತೇನೆ. ಹೆಂಡತಿಗೆ ತೋರಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ನೋಡಿದಳು.

"ನೀವ ಇರಬೇಕ್ರಿ."

"ಹೆಂಗ ಹೇಳ್ತಿ?"

"ಕಿವಿ ನೋಡ್ರಿ."

ಕಿವಿ ನೋಡಿದೆ. ಹೊರಗೆ ಚಾಚಿದ ಕಿವಿ. ನನ್ನವೂ ಹಾಗೇ ಇವೆ. ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತದ್ದು ನನಗೆ ಸ್ಪಷ್ಟವಾಗಿ ನೆನಪಿದೆ, ಮರದ ತೊಗಟೆ ಬೆನ್ನಿಗೆ ಒತ್ತಿದ್ದೂ ನೆನಪಿದೆ. ಆದರೆ ಎಷ್ಟು ಸಲ ಹೇಳಿದ ಮೇಲೆ ಆ ತೊಗಟೆ ಒತ್ತಲು ಶುರುವಾಯಿತೋ ಗೊತ್ತಿಲ್ಲ.

ಫೋಟೋದ ಹುಡುಗ ನಾನೋ ಅಲ್ಲವೋ ಎಂದು ಮಾಸ್ತರರನ್ನೇ ಕೇಳಿಬಿಡಬೇಕೆಂದು ಹೋಗಲು ನಿಶ್ಚಯಿಸಿದೆ. ಕಾರ್ಯಕ್ರಮ ಭಾನುವಾರ ಇಟ್ಟಿದ್ದರು. ನನ್ನ ವಾರದ ಗುಳಿಗೆ ಶನಿವಾರದ್ದು. ನುಂಗಿದ ಮರುದಿನ ಬಾಯಿ ಕಹಿ, ಹೊಟ್ಟೆ ತೊಳಸುತ್ತದೆ. ಭಾನುವಾರ ಬೆಳಿಗ್ಗೆ ಹೆಂಡತಿ ಹೊಸ ಅಂಗಿಯ ಎಲ್ಲ ಗುಂಡಿಗಳನ್ನೂ ತಾನೇ ಹಾಕಿದಳು, ನಾನು ಮೊದಲ ಎರಡಕ್ಕೂ ಕೈ ಹಚ್ಚಲಿಲ್ಲ. "ಆಗಲಿಲ್ಲಂದ್ರ ಬಂದಬಿಡ್ರಿ" ಎಂದಳು. "ಯಾಕ ಆಗಂಗಿಲ್ಲ?" ಎಂದು ಸಿಡುಕಿದೆ.

ಬಬಲೇಶ್ವರದ ಕಲ್ಯಾಣ ಮಂಟಪದ ಬಾಗಿಲಲ್ಲಿ ಕೈಕುಲುಕುವವರ ದಂಡೇ ನಿಂತಿತ್ತು. ನಾನು ದೂರದಿಂದಲೇ ಕೈಮುಗಿದೆ. ಇದೇನು ಮಂತ್ರಿಗಳ ಹಾಗೆ ಎಂದು ಒಬ್ಬ ನಕ್ಕು ನನ್ನ ಕೈ ಕಿತ್ತುಕೊಂಡು ಹಿಚುಕಿದ. ಕಣ್ಣಿಗೆ ನೀರು ಬಂತು. "ನೋಡ್ರಿ, ನಮ್ಮನ್ನ ನೋಡಿ ಸಾಹೇಬರಿಗೆ ಅಳು ಬಂತು" ಎಂದ. ಎಲ್ಲರೂ ಅಪ್ಪಿಕೊಂಡರು. ಒಳಗೆ ಶಿರಾ, ಉಪ್ಪಿಟ್ಟು. ಗುಳಿಗೆಯ ಮರುದಿನವಾದ್ದರಿಂದ ತಟ್ಟೆ ಮುಟ್ಟಲಿಲ್ಲ. ಒಂದು ಕಪ್ಪು ಚಹಾ ತೆಗೆದುಕೊಂಡು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಮೂಲೆಗೆ ಹೋಗಿ ನಿಂತೆ.

ಅಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನೇ ನೋಡುತ್ತಿದ್ದಳು. ನಮ್ಮ ತರಗತಿಯವಳೇ, ಅರಕೇರಿಗೆ ಲಗ್ನವಾಗಿ ಹೋಗಿ ಹೊಲ, ಎಮ್ಮೆ ನೋಡಿಕೊಂಡಿರುವವಳು.

"ಕೈ ಬಟ್ಟು ಹಿಡಿಯಂಗಿಲ್ಲೇನ್ರಿ?" ಎಂದಳು.

"ಮುಂಜಾನಿ ಹಿಡಿಯಂಗಿಲ್ಲ."

"ನಮ್ಮ ಎಮ್ಮಿಗೂ ಹಿಂಗ ಕೀಲು ಬಾತಿದ್ವು. ಎದ್ದ ನಿಂದರವಲ್ದಾಗಿತ್ತು. ಡಾಕ್ಟರ ಬರೋತನಕಾ ನಮ್ಮನಿಯವರು ಅದಕ್ಕ ಸೊಕ್ಕು ಬಂದೈತಿ ಅಂತ ಬಡದರ‍್ರಿ."

"ಆಮ್ಯಾಲೆ?"

"ಆಮ್ಯಾಲೇನು, ಸೂಜಿ ಮಾಡಿದ್ರು, ಎದ್ದ ನಿಂತಿತು. ನಮ್ಮನಿಯವರನ್ನ ಕಂಡ್ರ ಈಗೂ ಕೋಡಿಲೆ ಹಾಯಾಕ ಬರತೈತಿ."

ಆ ದಿನ ನನಗೆ ಸಿಟ್ಟು ಬರಿಸದೆ ಮಾತಾಡಿದವಳು ಅವಳೊಬ್ಬಳೇ, ಅದೂ ಎಮ್ಮೆಗೆ ಹೋಲಿಸಿ.

ಆಮೇಲೆ ಪಾದಪೂಜೆ ಶುರುವಾಯಿತು. ನಮಗೆ ಕಲಿಸಿದವರಲ್ಲಿ ಬರಲು ಒಪ್ಪಿದ್ದವರು ಗಣಿತದ ಮಾಸ್ತರರೊಬ್ಬರೇ. ಎಂಬತ್ತರ ಆಸುಪಾಸು. ವೇದಿಕೆಯ ಮೇಲೆ ಕೆಂಪು ಮಖಮಲ್ಲಿನ ಕುರ್ಚಿ, ಅದರ ಮುಂದೆ ದೊಡ್ಡ ಹಿತ್ತಾಳೆ ಪರಾತ, ಪರಾತದೊಳಗೆ ಅವರ ಎರಡೂ ಕಾಲು. ಮೊದಲ ತಂಬಿಗೆ ತಿಕೋಟಾದ ಗೆಳೆಯನದು. ನಂತರ ಸಾಲು. ಒಬ್ಬೊಬ್ಬರೇ ಮಣೆಯ ಮೇಲೆ ಮೊಣಕಾಲೂರಿ, ನೀರು ಸುರಿದು, ಎರಡೂ ಕೈಯಿಂದ ಕಾಲು ತಿಕ್ಕಿ ತೊಳೆದು, ಅರಿಷಿಣ ಕುಂಕುಮ ಬಳಿದು, ಹಣೆ ಹಚ್ಚಿ, ವಿಡಿಯೋದವನ ಕಡೆ ತಿರುಗಿ ಎದ್ದರು. ಮುಂದಿನವರು ಮತ್ತೆ ಅದನ್ನೆಲ್ಲ ತೊಳೆದು ಮತ್ತೆ ಬಳಿದರು. ಹತ್ತು ಜನ, ಇಪ್ಪತ್ತು ಜನ. ಮಾಸ್ತರರು ಕಣ್ಣು ಮುಚ್ಚಿ ಕೂತಿದ್ದರು. ಅವರ ಕೆನ್ನೆಯ ಮೇಲೆ ನೀರು ಇಳಿಯಿತು. "ಗುರುಗಳ ಕಣ್ಣಾಗ ಆನಂದಬಾಷ್ಪ ಬರಾಕತ್ತಾವ" ಎಂದು ಗೆಳೆಯ ಮೈಕಿನಲ್ಲಿ ಹೇಳಿದ. ಚಪ್ಪಾಳೆ ಬಿತ್ತು.

ನಾನು ಸಾಲಿನಲ್ಲಿ ಮುಂದೆ ಬಂದಾಗಲೇ ಕಾಲು ಕಂಡದ್ದು. ಬಾತು ಹೊಳೆಯುತ್ತಿದ್ದ ಕಾಲು. ಬಲಗಾಲಿನ ಹೆಬ್ಬೆರಳು ಕಪ್ಪಾಗಿತ್ತು, ಅದರ ಪಕ್ಕದಲ್ಲಿ ಹುಣ್ಣು. ಹುಣ್ಣಿನೊಳಗೆ ಕುಂಕುಮ. ಕುರ್ಚಿಯ ಕೆಳಗೆ ಅವರ ಚಪ್ಪಲಿಯ ಮೇಲೆ ಸುತ್ತಿಟ್ಟ ಬಿಳಿ ಪಟ್ಟಿ. ಪೂಜೆಗೆ ಅಡ್ಡಬರುತ್ತದೆ ಎಂದು ಯಾರೋ ಬಿಚ್ಚಿ ಇಟ್ಟಿದ್ದರು. ಇಪ್ಪತ್ತೆಂಟೋ ಮೂವತ್ತೋ ಜನ ಆ ಹುಣ್ಣನ್ನು ಭಕ್ತಿಯಿಂದ ತಿಕ್ಕಿದ್ದರು. ಅವರಲ್ಲಿ ಇಬ್ಬರು ಹೈಸ್ಕೂಲ್ ಮಾಸ್ತರರಿದ್ದರು, ಒಬ್ಬ ಔಷಧಿ ಅಂಗಡಿಯವನಿದ್ದ.

ಮೈಕಿನಲ್ಲಿ ಗೆಳೆಯ ಹೇಳಿದ: "ಈಗ ಬರಾಕತ್ತಾನ ನಮ್ಮ ಕ್ರಾಂತಿಕಾರಿ. ಬಗ್ಗತಾನೋ ಇಲ್ಲೋ ನೋಡೂನು." ಮಂಟಪ ನಕ್ಕಿತು.

ನಾನು ಮಣೆಯ ಮುಂದೆ ನಿಂತೆ. ಮಾಸ್ತರರು ಕಣ್ಣು ತೆರೆದು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಕೈ ಮುಂದ ಮಾಡು" ಎಂದರು.

ಐವತ್ತು ದಾಟಿದ ನಾನು, ಯೋಚಿಸುವ ಮೊದಲೇ, ಎರಡೂ ಅಂಗೈ ಮುಂದೆ ಚಾಚಿದೆ. ಆಗ ಬರಲಿಗೆ ಚಾಚುತ್ತಿದ್ದ ಹಾಗೆಯೇ. ಅವರು ನನ್ನ ಕೈ ತಿರುವಿ ಗೆಣ್ಣುಗಳನ್ನು ನೋಡಿದರು. ಒತ್ತಲಿಲ್ಲ.

"ಬ್ಯಾನಿ ಆಗ್ತಾವ?"

"ಆಗ್ತಾವ್ರಿ ಸರ್."

"ನನಗೂ ಆಗಾಕತ್ತೈತಿ" ಎಂದರು, ಮೈಕಿಗೆ ಕೇಳದಷ್ಟು ಸಣ್ಣಗೆ. "ಇನ್ನೂ ಎಷ್ಟ ಮಂದಿ ಅದಾರ?"

ನಾನು ಹಿಂತಿರುಗಿ ನೋಡಿದೆ. "ಹತ್ತ ಹನ್ನೆರಡು ಮಂದಿ ಅದಾರ‍್ರಿ."

ಅವರು ಮತ್ತೆ ಕಣ್ಣು ಮುಚ್ಚಿದರು. ಇನ್ನು ಕೇಳದಿದ್ದರೆ ಎಂದೂ ಕೇಳಲಾರೆ ಅನಿಸಿತು. ಆ ಹೊತ್ತಿನಲ್ಲೂ ನನಗೆ ನನ್ನ ಕಥೆಯದೇ ಚಿಂತೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಕೇಳಿದೆ.

"ಸರ್, ಬೀಳ್ಕೊಡುಗಿ ದಿನ ನಾ ನಿಮ್ಮ ಕಾಲಿಗೆ ಬಿದ್ದಿದ್ನೇನ್ರಿ?"

"ನೀ ಯಾರ ಮಗಾ?"

ಹೇಳಿದೆ. ಊರೂ ಹೇಳಿದೆ.

"ನೆನಪಾಗವಲ್ದಪಾ. ಭಾಳ ಮಂದಿ ಬಿದ್ದಾರ."

ಅಷ್ಟೇ. ಮೂವತ್ತೈದು ವರ್ಷ ನಾನು ಯಾರಿಗೆ ಬಗ್ಗಲಿಲ್ಲ ಎಂದು ಎದೆ ಸೆಟೆಸಿಕೊಂಡು ತಿರುಗಿದ್ದೆನೋ ಅವರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಹಿಂದಿನಿಂದ ಯಾರೋ ನನ್ನ ಬೆನ್ನಿಗೆ ತಂಬಿಗೆ ತಾಗಿಸಿದರು, ಬೇಗ ಮಾಡು ಎಂದು. ಆಗ ನನಗೆ ಬಂದ ಸಿಟ್ಟು ಒಬ್ಬರ ಮೇಲಿನದಾಗಿರಲಿಲ್ಲ. ಆ ಪರಾತವನ್ನು ಅಲ್ಲಿಂದ ತೆಗೆಯಬೇಕು ಎಂಬುದೊಂದೇ ತಲೆಯಲ್ಲಿತ್ತು. ಬಗ್ಗಲು ಮೊಣಕಾಲು ಬರುವುದಿಲ್ಲ, ಎತ್ತಲು ಕೈ ಬರುವುದಿಲ್ಲ. ಉಳಿದದ್ದು ಕಾಲು. ಮಾಸ್ತರರಿಗೆ "ಕಾಲ ಎತ್ತರಿ ಸರ್" ಎಂದೆ. ಅವರು ಎತ್ತಿದರು. ನಾನು ನನ್ನ ಕಾಲಿನಿಂದ ಪರಾತವನ್ನು ಪಕ್ಕಕ್ಕೆ ತಳ್ಳಿದೆ. ಅದು ವೇದಿಕೆಯ ಅಂಚಿಗೆ ಬಡಿದು ಮಗುಚಿತು. ಅರಿಷಿಣದ ನೀರು ಮುಂದಿನ ಸಾಲಿನವರ ಮೇಲೆ ಬಿತ್ತು.

"ಇನ್ನ ಸಾಕು" ಎಂದೆ. "ಅವರ ಕಾಲು ಹುಣ್ಣಾಗೈತಿ. ಯಾರಿಗೂ ಕಾಣವಲ್ದೇನು?"

ಯಾರಿಗೂ ಕೇಳಿಸಲಿಲ್ಲ. ಕಂಡದ್ದು ಪೂಜೆಯ ಪರಾತಕ್ಕೆ ಕಾಲು ತಾಗಿಸಿದವನು ಮಾತ್ರ. "ಕಾಲಲೆ ಒದ್ದಿಯಲ್ಲೋ" ಎಂದು ಗೆಳೆಯ ಅಂದದ್ದು ಮೈಕಿನಲ್ಲಿ ಇಡೀ ಮಂಟಪಕ್ಕೆ ಕೇಳಿತು. ಒಬ್ಬ ನನ್ನ ತೋಳು ಹಿಡಿದು ಜಗ್ಗಿದ. ಗದ್ದಲದ ನಡುವೆ ಅರಕೇರಿಯ ಹೆಣ್ಣುಮಗಳು ಮೇಲೆ ಬಂದು, ಮಾಸ್ತರರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸೀರೆಯ ಸೆರಗಿನಿಂದ ಆ ಕಾಲನ್ನು ಒತ್ತದೆ ಒರೆಸಿ, ಪಟ್ಟಿ ಸುತ್ತತೊಡಗಿದಳು. ಅಷ್ಟನ್ನು ನೋಡಿ ನಾನು ಊಟ ಮಾಡದೆ ಬಸ್ಸು ಹತ್ತಿದೆ.

ಗುಂಪಿನಲ್ಲಿ ಮೂರು ದಿನ ನನ್ನದೇ ಮಾತು. ಅಂದೂ ಬಗ್ಗಲಿಲ್ಲ, ಇಂದೂ ಬಗ್ಗಲಿಲ್ಲ, ಬಗ್ಗುವವರಿಗೂ ಬಿಡಲಿಲ್ಲ ಎಂದು ಒಬ್ಬ ಬರೆದ. ಅದಕ್ಕೆ ನಗುವ ಮುಖಗಳೂ ಕೈಮುಗಿದ ಚಿತ್ರಗಳೂ ಬಿದ್ದವು. ಉತ್ತರ ಬರೆಯಲು ಕೂತು ನಾಲ್ಕು ಸಲ ಅಳಿಸಿದೆ. ಬೆರಳು ನೋಯುತ್ತಿತ್ತು.

ಮೊನ್ನೆ, ಮೂರು ವಾರದ ಮೇಲೆ, ತಿಕೋಟಾದ ಗೆಳೆಯ ಸೊಲ್ಲಾಪುರ ರಸ್ತೆಯ ನಮ್ಮ ಮನೆಗೆ ಬಂದ. ಕೈಯಲ್ಲಿ ಒಣದ್ರಾಕ್ಷಿಯ ಡಬ್ಬಿ. ಅದನ್ನು ಮೇಜಿನ ಮೇಲಿಟ್ಟು ಕೂತ.

"ಮಾಸ್ತರ ಮಗಾ ಫೋನ್ ಮಾಡಿದ್ದ" ಎಂದ, ಫ್ಯಾನು ನೋಡುತ್ತ. "ಸಕ್ಕರಿ ಬ್ಯಾನಿ ಅಂತ ಅವರಿಗೆ. ಹುಣ್ಣು ಕೆಟ್ಟೈತಿ, ದಿನಾ ಪಟ್ಟಿ ಬದಲಿ ಮಾಡಾಕತ್ತಾರ. ಮೊದಲನೇ ತಂಬಿಗಿ ನಾನ ಹಾಕಿದ್ದೆಲೇ. ಪಟ್ಟಿ ಬಿಚ್ಚಿದಾಂವನೂ ನಾನ."

ಅವನು ಡಬ್ಬಿಯನ್ನು ನನ್ನ ಕಡೆ ಸರಿಸಿದ.

"ಅವರು ಒಂದ ಮಾತು ಹೇಳಲಿಲ್ಲ ನೋಡು. ನೀನೂ ಅಷ್ಟ. ನಿನಗ ಏನೈತಿ ಅಂತ ನೀ ಮೊದಲ ಹೇಳಬೇಕಿತ್ತು."

"ನಿನ್ನ ಶೆಡ್ಡಿನಾಗ ಹೇಳಿದ್ನೆಲ್ಲೋ. ಎಲ್ಲಾರ ಮುಂದ."

"ಏನ್ ಹೇಳಿದಿ? ಬಗ್ಗಾಕ ಆಗಂಗಿಲ್ಲ ಅಂದಿ. ನಾವು ನಕ್ಕ್ವಿ. ಇಂಥಾ ಪೂಜಿ ಗೀಜಿ ಮ್ಯಾಲೆ ನನಗ ನಂಬಿಕಿ ಇಲ್ಲ ಅಂದಿ, ಎದ್ದ ಹೋದಿ. ಬ್ಯಾನಿ ಮಾತ ನೀ ತಗೀಲೇ ಇಲ್ಲ."

"ಸಂಧಿವಾತ ಅಂದೆ. ಒಂಬತ್ತು ವರ್ಷ ಅಂದೆ."

"ಅಂದಿಲ್ಲೋ ಮಾರಾಯ. ಅಂದಿದ್ರ ನಾ ಮಣಿ ಬದಲಿ ಕುರ್ಚಿ ಹಾಕಸ್ತಿದ್ದೆ."

ಆ ಮಾತುಗಳನ್ನು ಹೇಳಿದ ನೆನಪಿದೆ. ಆದರೆ ಬಸ್ಸಿನ ಸರಳಿಗೆ ಮೊಣಕೈ ಸಿಕ್ಕಿಸಿಕೊಂಡು ಬರುವಾಗ ಮನಸ್ಸಿನಲ್ಲಿ ಅವನ್ನೇ ಹತ್ತು ಸಲ ಹೇಳಿಕೊಂಡದ್ದೂ ನೆನಪಿದೆ. ಯಾವುದು ಶೆಡ್ಡಿನದು, ಯಾವುದು ಬಸ್ಸಿನದು? ಒಂಬತ್ತು ವರ್ಷದಲ್ಲಿ ಕಾಲೇಜಿನಲ್ಲಿ ಒಬ್ಬರಿಗೂ ನಾನು ರೋಗದ ಹೆಸರು ಹೇಳಿಲ್ಲ. ಸೀಮೆಸುಣ್ಣ ಹಿಡಿಯಲಾಗದ ದಿನ ಕೈ ಉಳುಕಿದೆ ಎನ್ನುತ್ತೇನೆ. ಅಂಥವನು ತಿಕೋಟಾದಲ್ಲಿ ಏಳೆಂಟು ಜನರ ಮುಂದೆ ಹೇಳಿದ್ದನೆಂದರೆ, ಬೇರೆ ಯಾರ ವಿಷಯವಾಗಿದ್ದರೂ ನಾನು ನಂಬುತ್ತಿರಲಿಲ್ಲ.

"ನಾಳೆ ಮಾಸ್ತರನ್ನ ನೋಡಾಕ ಹೋಗೂನು" ಎಂದ ಗೆಳೆಯ. "ನನಗ ಒಬ್ಬನ ಹೋಗಾಕ ಮುಖಾ ಇಲ್ಲ. ಮುಂಜಾನಿ ಎಂಟಕ್ಕ ಗಾಡಿ ತರ್ತೀನಿ, ತಯಾರಿರು."

"ಮುಂಜಾನಿ ಆಗಂಗಿಲ್ಲ."

ಅವನ ಮುಖ ಗಂಟಾಯಿತು. ಮತ್ತೆ ಶುರುವಾಯಿತು ಎಂಬಂತೆ ನೋಡಿದ. ನಾನು ಹೆಂಡತಿಯನ್ನು ಕರೆದೆ. ಅವಳು ಬಂದು ಬಾಗಿಲಲ್ಲಿ ನಿಂತಳು. ಈ ಸಲ ಸಾಕ್ಷಿ ಇರಲಿ ಎಂದು ಅವಳ ಎದುರೇ ಹೇಳಿದೆ.

"ನನಗ ಸಂಧಿವಾತ ಐತಿ. ಮುಂಜಾನಿ ಎದ್ದ ಎರಡು ತಾಸು ಅಂಗಿ ಗುಂಡಿ ಹಾಕ್ಕೊಳ್ಳಾಕ ಬರಂಗಿಲ್ಲ. ಇಕಿ ಹಾಕ್ತಾಳ. ಕೇಳು ಬೇಕಾದ್ರ."

ಅವನು ಅವಳನ್ನು ನೋಡಿದ. ಅವಳು ತಲೆಯಾಡಿಸಿದಳು.

"ಹಂಗಾರ ಮಧ್ಯಾಹ್ನ ಹೋಗೂನು" ಎಂದ.

ಅಷ್ಟಕ್ಕೇ ಮುಗಿಯಿತು. ಒಬ್ಬ ಮನುಷ್ಯ ಎಂಟು ಗಂಟೆಯನ್ನು ಮಧ್ಯಾಹ್ನ ಮಾಡಿಕೊಂಡ, ಮತ್ತೇನೂ ಆಗಲಿಲ್ಲ. ಇಷ್ಟು ಸುಲಭದ ಮಾತನ್ನು ಒಂಬತ್ತು ವರ್ಷ ಬಾಯಲ್ಲಿಟ್ಟುಕೊಂಡು ಕೂತಿದ್ದವನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಕೈಗೆ ಸಿಕ್ಕಿದ್ದರೆ ಹುಣಸೆ ಬರಲಿನಿಂದ ಬಾರಿಸುತ್ತಿದ್ದೆ.

"ಡಬ್ಬಿ ತಗಿ" ಎಂದೆ ಗೆಳೆಯನಿಗೆ. "ಮುಚ್ಚಳ ನನಗ ಬರಂಗಿಲ್ಲ."